ಶಾಮರಾಯನ ಅಂಗಡಿ

ಬೋರ್ಡಿನ ಮ್ಯಾಲೆ ಶ್ಯಾಮ್‌ರಾಕ್ ಅಂತ ಬರದದ,
ಐರಿಷ್ ಪಬ್, ಕೆಳಗ ಸಣ್ಣ ಅಕ್ಷರದಾಗ ಫ್ಯಾಮಿಲಿ ರೂಮ್ ಉಂಟು.
ಕೇಶ್ವಾಪುರದಾಗ ಹಂಗ ಕೇಳಿದ್ರ ಯಾರೂ ಹೇಳೂದಿಲ್ಲ.
ಶಾಮರಾಯನ ಅಂಗಡಿ ಅನ್ರಿ,
ಆಟೋದಾಂವ ಬಾಗಲಕ್ಕ ತಂದು ಬಿಡತಾನ.

ಮೂರೆಲಿ ಚಿತ್ರ ತಗಿ ಅಂದಿದ್ದಕ್ಕ
ಹಳೇ ಹುಬ್ಬಳ್ಳಿ ಪೇಂಟರ್ ತನಗ ಗೊತ್ತಿದ್ದ ಮೂರೆಲಿ ತಗದ:
ಅಚ್ಚ ಬಿಲ್ವಪತ್ರಿ, ತೊಟ್ಟಿನ ಸಮೇತ.
ಎಲಿಶಾ ಸಾವಕಾರಗ ಇಡಲಿಕ್ಕೂ ಆಗಲಿಲ್ಲ, ಅಳಸಲಿಕ್ಕೂ ಆಗಲಿಲ್ಲ.
ಮೊದಲ ತಿಂಗಳು ನಾಕು ಮಂದಿ
ಚಪ್ಪಲಿ ಹೊರಗ ಬಿಟ್ಟು ಒಳಗ ಬಂದ್ರು.
ಸೋಮವಾರದ ಗಿರಾಕಿ ಇವತ್ತಿಗೂ ಕಮ್ಮಿ.

ನಾನು ದುರ್ಗದಬೈಲಿನ ಟೇಲರ್.
ವೇಟರ್‌ಗಳಿಗೆ ಆರು ಹಸರ ಜಾಕೀಟು ಹೊಲದಕೊಟ್ಟೆ,
ಆ ಕೂಲಿ ಇನ್ನೂ ಕುಡದು ಮುಗದಿಲ್ಲ.
ಮೌಲಾಲಿ ಗ್ಲಾಸು ಇಡೂಮುಂದ
ಬಗಲಾಗ ಬಿಗಿ ಆಗೇದ್ರಿ ಅಂತಾನ,
ಸ್ಟ್ಯೂ ಕಡಿಮಿ ತಿನ್ನು ಅಂತೀನಿ.

ಸ್ಟ್ಯೂ ಅಂದ್ರ ಯಮನೂರಿ ಕೈಯಾಂದು,
ಕುರಿ ಬಾಡ, ಬಟಾಟಿ, ಒಂದು ಮುಟಗಿ ಮಸಾಲಿ ಖಾರ.
ಅಲ್ಲಿನೂ ಹಿಂಗ ಇರ್ತದೇನ್ರಿ, ಕೇಳಿದೆ.
ಇರಬೇಕಾಗಿತ್ತು, ಅಂದ ಎಲಿಶಾ.
ಹಡಗದಾಗ ದುಡದಾಂವ. ಕಾರ್ಕ್ ಅನ್ನೂ ಬಂದರದಾಗ
ಒಂದು ರಾತ್ರಿ ತೊಯ್ಸಿಕೊಂಡು ಪಬ್ಬಿನಾಗ ನಿಂತಾಗ
ಗುರ್ತಿಲ್ಲದ ಮುದುಕ ಒಬ್ಬಾಂವ ಸರದು ಜಾಗಾ ಕೊಟ್ಟನಂತ.
ಅಷ್ಟ. ಅದಕ್ಕ ಇಷ್ಟು ಸಾಲಾ ಮಾಡ್ಯಾನ.

ಗಲ್ಲಾದ ಮ್ಯಾಲೆ ಒಂದು ನೋಟಬುಕ್ಕು, ಸುತಳಿ ಕಟ್ಟಿದ ಪೆನ್ನು,
ಗಿರಾಕಿಗಳ ಅನುಭವ ಅಂತ ಲೇಬಲ್.
ಶೇಂಗಾ ಹಸಿ ಅದಾವ.
ಫ್ಯಾನು ಎರಡನೇ ಟೇಬಲ್ಲಿಗಷ್ಟ ತಿರಗತದ.
ಒಬ್ಬಾಂವ ಎರಡು ಪುಟ ತನ್ನ ಸೋದರಮಾವನ ಮ್ಯಾಲೆ ಬರದಾನ,
ಅಂಗಡಿ ಸುದ್ದಿ ಒಂದಕ್ಷರ ಇಲ್ಲ.

ದಿನಾ ಬರದಾಂವ ಬಾಕಳೆ.
ರೈಲ್ವೆ ವರ್ಕ್‌ಶಾಪಿನ ಟರ್ನರ್, ಎಡಭುಜ ಅರ್ಧ ಇಂಚು ಇಳಕಲ.
ನಾಕನೇ ಕುರ್ಚಿ, ಹಿಂದಿನ ಬಲಗಾಲು ಮೂರು ಮಿಲಿಮೀಟರ್ ಗಿಡ್ಡ.
ಮರುದಿನ: ಇನ್ನೂ ಗಿಡ್ಡ.
ಅದರ ಮರುದಿನ: ಇನ್ನೂ.
ಹನ್ನೊಂದು ತಿಂಗಳು ಹಿಂಗ.
ರಿಪೇರಿ ಮಾಡಸಬಾರದೇನು ಅಂದ್ರ ಎಲಿಶಾ ಅಂದ,
ಆಮ್ಯಾಲೆ ಅಂವ ಏನು ಬರೀಬೇಕು?
ಫೆಬ್ರುವರಿ ಒಂಬತ್ತರಿಂದ ಮುಂದ ಅವನ ಅಕ್ಷರ ಇಲ್ಲ.

ಹೋದ ಗುರುವಾರ ಒಬ್ಬಾಕಿ ಬಂದಳು.
ಫ್ಯಾಮಿಲಿ ರೂಮ್ ಆ ಕಡೆ ರೀ ಬಾಯಾರ, ಅಂದ ಮೌಲಾಲಿ.
ನಮ್ಮ ಫ್ಯಾಮಿಲಿ ಈ ಕಡೆ ಕೂಡತಿತ್ತು, ಅಂದಳು.
ನಾನು ಕೈಯಾಗಿನ ಚೀಲ ನೋಡಿದೆ.
ಖಾಕಿ ಬಟ್ಟಿ, ಕಿಸೆ ಬಿಚ್ಚಲಾರದ ಹಂಗ ಉಳಿಸಿ ಹೊಲದಿದ್ದು.
ಆ ಕಿಸೆ ನನ್ನ ಹೊಲಿಗಿ.

ತುಳಜಾಬಾಯಿ ಕೇಳಲಾರದ ನಾಕನೇ ಕುರ್ಚಿ ಹಿಡದಳು,
ಹಿಂದ ಮುಂದ ಆಡಿಸಿ ನೋಡಿದಳು,
ಲಿಂಬಿ ಸೋಡಾ, ಸ್ಟ್ಯೂ, ಎರಡು ರೊಟ್ಟಿ ಹೇಳಿದಳು.
ತಿನಕೋತ ಪುಸ್ತಕ ಪೂರಾ ಓದಿದಳು.
ಸೋದರಮಾವನ ಪುಟಕ್ಕ ನಕ್ಕಳು.

ಉದ್ರಿ ಎಷ್ಟದ?
ಇಲ್ರಿ, ಅಂದ ಎಲಿಶಾ.
ಸುಳ್ಳ ಹೇಳಬ್ಯಾಡ್ರಿ, ಮುನ್ನೂರಾ ನಲವತ್ತು, ನನಗ ಹೇಳಿದ್ದ.
ಲೆಕ್ಕ ತಗದ್ರ ಮುನ್ನೂರಾ ಹತ್ತು.
ಆ ಮೂವತ್ತು ರೂಪಾಯಿ ಯಾರದಂತ
ಇಬ್ಬರೂ ಭಾಳ ಹೊತ್ತು ಜಗಳಾಡಿದ್ರು.
ಕಡೀಕ ಶೇಂಗಾದ್ದು ಅಂತ ಇಟ್ಟಳು.

ಆಮ್ಯಾಲೆ ಚೀಲದ ಕಿಸೆಯಿಂದ ಒಂದು ಬಿಲ್ಲೆ ತಗದಳು,
ಲೇಥಿನ ಮ್ಯಾಲೆ ತಿರವಿದ ಹಿತ್ತಾಳಿ, ಅಂಚು ನುಣಪ.
ಎಂದೋ ಮಾಡಿಟ್ಟಿದ್ದು, ಹಸರಗಟ್ಟಿತ್ತು.
ಇದು ಏನಂತ ಗೊತ್ತಿರಲಿಲ್ಲ, ಅಂದಳು.
ನನ್ನ ಟೇಪು ಹಿಡದು ನೋಡಿದೆ. ಮೂರು ಮಿಲಿಮೀಟರ್.
ಯಾರೂ ಏನೂ ಅನಲಿಲ್ಲ. ಒಳಗ ಕುಕ್ಕರ್ ಸೀಟಿ ಹೊಡೀತು.

ಈಗ ಕುರ್ಚಿ ಅಳ್ಳಾಡೂದಿಲ್ಲ.
ಸೋಮವಾರ ಖಾಲಿ ಇತ್ತಂತ ನಾನ ಕುಂತೆ.
ಪೆನ್ನು ಹಿಡದ್ರ ಬರೀಲಿಕ್ಕೆ ಏನೂ ಹೊಳೀಲಿಲ್ಲ.
ಚಂದ ಹುರದಿದ್ರು ಅವತ್ತು. ಆದರೂ
ಶೇಂಗಾ ಹಸಿ ಅದಾವ ಅಂತ ಬರದೆ.